ಹರಿವಾಣದ ಬಿಸಿಲು

ಎಂಟು ವರ್ಷ ನಾನು ಅಮೃತಹಳ್ಳಿಯ ಒಂದು ಮನೆಯಲ್ಲಿ ದಿನಕ್ಕೆ ಎರಡು ಮೂರು ಸಲ ಬೆಳಗು ಮಾಡುತ್ತಿದ್ದೆ. ಮನೆ ನನ್ನದಲ್ಲ. ಟಿವಿ ಧಾರಾವಾಹಿಯೊಂದರ ಚಿತ್ರೀಕರಣಕ್ಕೆಂದು ಬಾಡಿಗೆಗೆ ಹಿಡಿದ ಎರಡಂತಸ್ತಿನ ಮನೆ ಅದು. ನಾನು ಅಲ್ಲಿಯ ಲೈಟಿನವನು. ಹನ್ನೊಂದು ಗಂಟೆಗೆ ಒಂದು ಬೆಳಗು, ಊಟವಾದ ಮೇಲೆ ನಡುರಾತ್ರಿ, ಸಂಜೆ ಐದಕ್ಕೆ ಇನ್ನೊಂದು ಬೆಳಗು. ನಿರ್ದೇಶಕರು ಕೇಳಿದ ಹೊತ್ತನ್ನು ಹತ್ತು ನಿಮಿಷದಲ್ಲಿ ಮಾಡಿಕೊಡುವುದು ನನ್ನ ಕೆಲಸ.

ಹಾಗೆ ಮಾಡಬೇಕಾದರೆ ನಿಜವಾದ ಹೊತ್ತು ಒಳಗೆ ಬರಬಾರದು. ಅದಕ್ಕೇ ಆ ಮನೆಯ ಒಂದೊಂದು ಕಿಟಕಿಗೂ ಕಪ್ಪು ಬಟ್ಟೆ ಹೊಡೆದಿದ್ದೆವು, ಎರಡು ಪದರ. ಬಾಗಿಲ ಸಂದಿಗೆ ಟೇಪು. ಶಬ್ದ ಬರುತ್ತದೆಂದು ಫ್ಯಾನು ಹಾಕುವಂತಿಲ್ಲ. ದೀಪ ಹೊತ್ತಿಸಿದ ಕಾಲು ಗಂಟೆಗೆ ಅಂಗಿ ಮೈಗೆ ಅಂಟುತ್ತಿತ್ತು, ದೀಪದ ಮೇಲಿನ ಧೂಳು ಸುಟ್ಟ ವಾಸನೆ ಗಂಟಲಲ್ಲಿ ಕೂರುತ್ತಿತ್ತು. ಸೋಲದೇವನಹಳ್ಳಿಯ ನಮ್ಮ ಮನೆಯಿಂದ ನಸುಕಿನಲ್ಲೇ ಬೈಕು ಹತ್ತಿ, ಎಂ.ಎಸ್. ಪಾಳ್ಯ, ಕೊಡಿಗೇಹಳ್ಳಿ ದಾಟಿ ಅಲ್ಲಿಗೆ ಹೋದರೆ, ಹೊರಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ವಾರಕ್ಕೆ ಆರು ದಿನ ಸೂರ್ಯನ ಮುಖ ನೋಡದೆ ಸೂರ್ಯನನ್ನು ತಯಾರಿಸುತ್ತಿದ್ದೆ. ನನ್ನ ಹೆಂಡತಿ ರೇಗಿಸುವಳು: "ಊರಿಗೆಲ್ಲಾ ಬೆಳಕು ಹಂಚೋರು, ನಮ್ಮ ಬಚ್ಚಲಮನೆ ಬಲ್ಬು ಹೋಗಿ ಹದಿನೈದು ದಿನ ಆಯ್ತು, ಸ್ವಲ್ಪ ನೋಡ್ತೀರಾ?"

ನಾನು ಈ ಕಸುಬಿಗೆ ಬಂದದ್ದು ಬಿಸಿಲಿನ ದಾರಿಯಿಂದ. ಎರಡು ಸಾವಿರದ ಎಂಟರಲ್ಲಿ, ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಯಾವುದೋ ಸಿನಿಮಾದ ಹಾಡಿನ ಚಿತ್ರೀಕರಣ. ರಿಫ್ಲೆಕ್ಟರ್ ಹಿಡಿಯಲು ಒಬ್ಬ ಬಂದಿರಲಿಲ್ಲ, ನೋಡುತ್ತ ನಿಂತಿದ್ದ ನನ್ನನ್ನು ಕರೆದರು. ಬೆಳ್ಳಿ ಕಾಗದ ಹಚ್ಚಿದ ಬಾಗಿಲಿನಷ್ಟು ದೊಡ್ಡ ಹಲಗೆ. ಅದನ್ನು ಓರೆ ಹಿಡಿದು ಸೂರ್ಯನನ್ನು ನಟಿಯ ಮುಖಕ್ಕೆ ತಿರುಗಿಸಬೇಕು. ಗಾಳಿ ಬಂದರೆ ಹಲಗೆ ನಮ್ಮನ್ನೇ ಎತ್ತಿಕೊಂಡು ಹೋಗುತ್ತದೆ. ಅಂದು ಸಂಜೆ ಕ್ಯಾಮೆರಾಮನ್ ನನ್ನ ಬೆನ್ನು ತಟ್ಟಿ, "ನಿನ್ ಕೈ ಅಲುಗಲ್ಲ ಕಣೋ. ನಾಳೆನೂ ಬಾ," ಎಂದರು. ಆಗಲೇ ಐವತ್ತು ದಾಟಿದ್ದ, ಸದಾ ಟೋಪಿ ಹಾಕುತ್ತಿದ್ದ ಮನುಷ್ಯ. ಎರಡು ವರ್ಷ ಅವರ ಹಿಂದೆಯೇ ಅಲೆದೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಮೊದಲು ನೋಡು, ಆಮೇಲೆ ಕೈ ಹಾಕು ಎಂದು ಅವರು ಕಲಿಸಿದರು. ನನ್ನ ಬದುಕಿನಲ್ಲಿ ನಾನು ಕುಣಿದಾಡಿಕೊಂಡು ಕೆಲಸಕ್ಕೆ ಹೋಗಿದ್ದರೆ ಆ ಎರಡು ವರ್ಷ.

ಆಮೇಲೆ ಮದುವೆಯಾಯಿತು, ತಿಂಗಳು ತಿಂಗಳೂ ನಿಲ್ಲದ ಕೆಲಸ ಬೇಕಾಯಿತು, ಧಾರಾವಾಹಿಗೆ ಸೇರಿದೆ. ಒಂದು ವರ್ಷ ಇದ್ದು ಬಿಡೋಣ ಅಂದುಕೊಂಡಿದ್ದೆ.

ಕಥೆಯಲ್ಲಿ ಅತ್ತೆ ಸೊಸೆ ಜಗಳವಾಡುವುದು ಅಡಿಗೆಮನೆಯಲ್ಲಿ, ಅದೂ ಬೆಳಗ್ಗೆ. ಕಿಟಕಿಯಾಚೆ ಕಪ್ಪು ಬಟ್ಟೆಯ ಡೇರೆ ಕಟ್ಟಿ, ಒಳಗೆ ದೊಡ್ಡ ದೀಪ ನಿಲ್ಲಿಸಿ, ಬಟರ್ ಪೇಪರಿನ ಚೌಕಟ್ಟಿನಿಂದ ಸೋಸಿ ಬೆಳಕು ಬಿಟ್ಟೆ. ಬೆಳಕೇನೋ ಬಂತು, ಬೆಳಗು ಬರಲಿಲ್ಲ. ನಿರ್ದೇಶಕರು ತಲೆ ಕೆರೆದುಕೊಂಡರು. "ಎಲ್ಲಾ ಸರಿಯಾಗೇ ಇದೆ ಗುರು, ಆದ್ರೆ ಇದು ಯಾರ ಮನೇನೂ ಅಲ್ಲ," ಅಂದರು. ಒಳ್ಳೆಯ ಮನುಷ್ಯ, ಕಿರುಚಾಡುವವರಲ್ಲ. ಅವರ ಆ ಮಾತು ನನ್ನನ್ನು ಒಂದು ವಾರ ಕೊರೆಯಿತು.

ಉತ್ತರ ಸಿಕ್ಕಿದ್ದು ಭಾನುವಾರ ನಮ್ಮ ಮನೆಯಲ್ಲೇ. ನಮ್ಮದು ಹಳೇ ಊರಿನ ಮನೆ, ಅಡಿಗೆಮನೆಗೆ ಮೂಡಣ ದಿಕ್ಕಿಗೆ ಒಂದೇ ಕಿಟಕಿ. ನಮ್ಮಮ್ಮ ಬೆಳಗ್ಗೆ ಹಿತ್ತಾಳೆಯ ದೊಡ್ಡ ಹರಿವಾಣಕ್ಕೆ ಎರಡು ಲೋಟ ನೀರು ಹಾಕಿ ಪೂಜೆಯ ಹೂವನ್ನು ಅದರಲ್ಲಿ ಬಿಟ್ಟು, ಆ ಕಿಟಕಿಯ ಕೆಳಗೆ ಇಡುತ್ತಿದ್ದಳು. ಏಳು ಗಂಟೆಯ ಬಿಸಿಲು ಅದರ ಮೇಲೆ ಬಿದ್ದು ಒಲೆಯ ಮೇಲಿನ ಗೋಡೆಗೆ ಏರುತ್ತಿತ್ತು. ಯಾರಾದರೂ ನಡೆದರೆ ನೀರು ಅಲುಗಿ, ಗೋಡೆಯ ಮೇಲಿನ ಆ ಹಳದಿ ಬೆಳಕೂ ನಡುಗುವುದು. ನಾನು ಸ್ಕೂಲಿಗೆ ಹೋಗುವಾಗ ನಮಗೆ ಅದೇ ಗಡಿಯಾರ. ಬೆಳಕು ಕ್ಯಾಲೆಂಡರಿನ ಮೊಳೆಯ ಹತ್ತಿರ ಬಂದರೆ ಅಮ್ಮ ಕೂಗುತ್ತಿದ್ದಳು: "ಮೊಳೆ ತಾವ ಬಂತು, ಎದ್ದು ಓಗ್ಲಾ!"

ಸೋಮವಾರ ಆ ಹರಿವಾಣವನ್ನು ಬ್ಯಾಗಿಗೆ ಹಾಕಿಕೊಂಡು ಹೋದೆ. ಅಮ್ಮನನ್ನು ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿರಲಿಲ್ಲ, ಅದು ಅವಳ ತವರಿನದು. ಸೆಟ್ಟಿನ ಅಡಿಗೆಕಟ್ಟೆಯ ಮೂಲೆಯಲ್ಲಿ, ಡಬ್ಬಗಳ ಹಿಂದೆ, ಕ್ಯಾಮೆರಾಕ್ಕೆ ಕಾಣದಂತೆ ಅದನ್ನಿಟ್ಟು ನೀರು ಹಾಕಿದೆ. ಮೇಲಿನಿಂದ ಒಂದು ಬೇಬಿಯನ್ನು ಅದಕ್ಕೆ ಗುರಿಯಿಟ್ಟೆ. ಬೇಬಿ ಎಂದರೆ ಸಾವಿರ ವಾಟಿನ ಸಣ್ಣ ದೀಪ. ಹೆಸರು ಮುದ್ದಾಗಿದೆ, ಮುಟ್ಟಿದರೆ ಚರ್ಮ ಕಿತ್ತು ಬರುತ್ತದೆ. ಗೋಡೆಯ ಮೇಲೆ ನಮ್ಮ ಮನೆಯ ಬಿಸಿಲು ಎದ್ದಿತು. ಅಲ್ಲೂ ಕ್ಯಾಲೆಂಡರಿಗೊಂದು ಮೊಳೆ ಹೊಡೆದಿದ್ದರು. ಬೆಳಕು ಆ ಮೊಳೆಗೆ ತಾಕುವಂತೆ ಹರಿವಾಣವನ್ನು ಸರಿಸಿದೆ. ಅದು ನನ್ನ ಖುಷಿಗೆ.

ನಿರ್ದೇಶಕರು ಮಾನಿಟರ್ ನೋಡಿ ಎದ್ದು ನಿಂತರು. "ಇದೇ ಗುರು! ಇದೇ ನಮ್ಮ ಮನೆ ಬೆಳಗು. ಕಥೆ ಮುಗಿಯೋವರ್ಗೂ ಇದನ್ನ ಅಲ್ಲಾಡಿಸ್ಬೇಡ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ. ನನಗೆ ಅವತ್ತೇ ಬೀಗ ಬಿತ್ತು ಅನ್ನುವುದು ತಿಳಿಯಲು ವರ್ಷಗಳು ಹಿಡಿದವು.

ಧಾರಾವಾಹಿಯಲ್ಲಿ ಇವತ್ತಿನ ಬೆಳಗು ನಿನ್ನೆಯದರಂತೆಯೇ ಇರಬೇಕು. ಅದಕ್ಕೆ ಲೈಟಿನವರು ಸ್ಟ್ಯಾಂಡಿನ ಕಾಲುಗಳು ನಿಲ್ಲುವ ಜಾಗಕ್ಕೆ ನೆಲದಲ್ಲಿ ಬಣ್ಣದ ಟೇಪು ಅಂಟಿಸುತ್ತೇವೆ, ಯಾರು ಬಂದರೂ ಅದೇ ಜಾಗದಲ್ಲಿ ಇಡಲಿ ಎಂದು. ನಾನೂ ಅಂಟಿಸಿದ್ದೆ. ಹರಿವಾಣದ ಗುರುತನ್ನು ಮಾತ್ರ ಕಟ್ಟೆಯ ಅಂಚಿನ ಕೆಳಭಾಗಕ್ಕೆ, ಬೆರಳಾಡಿಸಿದರೆ ಮಾತ್ರ ಸಿಗುವ ಕಡೆ ಅಂಟಿಸಿದೆ. ಪ್ಯಾಕಪ್ ಆದ ಮೇಲೆ ಹರಿವಾಣ ನನ್ನ ದೀಪದ ಪೆಟ್ಟಿಗೆಯೊಳಗೆ, ಬೀಗದಡಿ. ನನ್ನ ಜೊತೆಯ ಲೈಟಿನವರಿಗೂ ಅದರ ಲೆಕ್ಕ ತಿಳಿಯದಂತೆ ನೋಡಿಕೊಂಡೆ. ಕಸುಬಿನವನ ಹೊಟ್ಟೆಕಿಚ್ಚು ಅನ್ನಿ, ಕೊಬ್ಬು ಅನ್ನಿ, ಎರಡೂ ಸರಿಯೇ.

ಮನೆಯಲ್ಲಿ ಅಮ್ಮ ಹುಡುಕುತ್ತಿದ್ದಳು. "ಅರಿವಾಣ ಎಲ್ಲೋಯ್ತೋ?" ಎಂದಳು. ಕಲಾಯಿ ಹಾಕಿಸಲು ಕೊಟ್ಟಿದ್ದೇನೆ ಎಂದೆ. "ಅರಿವಾಣಕ್ಕೆ ಯಾವನ್ಲಾ ಕಲಾಯಿ ಆಕ್ತಾನೆ?" ಎಂದು ನನ್ನ ಮುಖ ನೋಡಿದಳು. ನಾನು ಬೈಕಿನ ಕೀಲಿ ಹುಡುಕುವವನಂತೆ ಹೊರಗೆ ಹೋದೆ.

ಅದಾಗಿ ಎರಡು ವರ್ಷಕ್ಕೆ ನಮ್ಮ ಪಕ್ಕದ ಸೈಟಿನಲ್ಲಿ ಕಾಲೇಜು ಹುಡುಗರಿಗೆಂದು ನಾಲ್ಕಂತಸ್ತಿನ ಪಿ.ಜಿ. ಕಟ್ಟಿದರು. ಅದರ ಗೋಡೆ ನಮ್ಮ ಅಡಿಗೆಮನೆ ಕಿಟಕಿಯಿಂದ ಒಂದು ಮೊಳ ದೂರ. ಬೆಳಗ್ಗೆಯೂ ಟ್ಯೂಬ್‌ಲೈಟ್ ಹಾಕಿಕೊಂಡು ಅಡಿಗೆ ಮಾಡುವಂತಾಯಿತು. ಅಮ್ಮನಿಗೆ ಆ ಹೊತ್ತಿಗೆ ಮಂಡಿ ನೋವು ಶುರುವಾಗಿ, ಓಡಾಟ ಒಳಗೊಳಗೇ ಆಗಿತ್ತು. ನನಗೆ ಪಾಪ ಅನ್ನಿಸಿತು, ಆದರೆ ಆ ವಿಚಾರ ತಲೆಯಲ್ಲಿ ನಿಲ್ಲಲಿಲ್ಲ. ನನ್ನದೇ ಉಸಿರು ನನಗೆ ಕಟ್ಟುತ್ತಿತ್ತು.

ಕಟ್ಟುತ್ತಿತ್ತು ಅನ್ನುವುದು ಬರೀ ಮಾತಲ್ಲ. ಒಂದು ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ದೀಪ ಆರಿಸಿ ಎಲ್ಲರೂ ಊಟಕ್ಕೆ ಹೋಗಿದ್ದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಎದುರಿನ ಬಿಳಿ ಗೋಡೆಯ ಮೇಲೆ ಏನೋ ಹರಿದಾಡಿತು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ, ಹೊರಗಿನ ಬೀದಿ! ಕಪ್ಪು ಬಟ್ಟೆಯಲ್ಲಿ ಮೊಳೆಯ ತೂತಿನಷ್ಟು ಒಂದು ರಂಧ್ರ ಬಿದ್ದಿತ್ತು. ಅದರಿಂದ ಇಡೀ ಬೀದಿ ತಲೆಕೆಳಗಾಗಿ ಗೋಡೆಯ ಮೇಲೆ ಮೂಡಿತ್ತು. ಹೊಂಗೆಮರ ಮೇಲಿನಿಂದ ನೇತಾಡುತ್ತಿತ್ತು, ನೀರಿನ ಟ್ಯಾಂಕರು ಛಾವಣಿ ಹಿಡಿದುಕೊಂಡು ಹೋಯಿತು, ಕೊಡೆ ಹಿಡಿದ ಹೆಂಗಸೊಬ್ಬಳು ಆಕಾಶದಲ್ಲಿ ನಡೆದಳು. ಆ ಹೊಂಗೆಮರದ ಕೆಳಗೆ ನಾನು ದಿನವೂ ಬೈಕು ನಿಲ್ಲಿಸುತ್ತಿದ್ದೆ. ಅದಕ್ಕೆ ಹೂ ಬಿಟ್ಟಿದೆ ಎಂದು ಗೊತ್ತಾದದ್ದು ಆವತ್ತು.

ಹದಿನೈದು ದಿನ ಊಟ ಬಿಟ್ಟು ಅಲ್ಲಿ ಕೂತೆ. ಆಮೇಲೆ ಒಂದು ರಾತ್ರಿಯ ದೃಶ್ಯದಲ್ಲಿ ಗೋಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸಿತು. "ಲೈಟ್ ಲೀಕ್ ಆಗ್ತಿದೆ ನೋಡು ಗುರು," ಎಂದರು ನಿರ್ದೇಶಕರು. ಏಣಿ ಹತ್ತಿ, ಕೈಯಾರೆ ಕಪ್ಪು ಟೇಪು ಅಂಟಿಸಿ ಇಳಿದೆ. ನನ್ನ ಕೆಲಸವೇ ಅದಲ್ಲವೇ.

ಎರಡು ಸಾವಿರದ ಹದಿನಾಲ್ಕರಲ್ಲಿ ಟೋಪಿಯ ಕ್ಯಾಮೆರಾಮನ್ ಫೋನು ಮಾಡಿದರು. ಚಿತ್ರದುರ್ಗದ ಕಡೆ ಒಂದು ಸಿನಿಮಾ, ಒಂದು ತಿಂಗಳು, ಪೂರ್ತಿ ಹೊರಾಂಗಣ. "ಜನರೇಟರ್ ಇಲ್ಲ, ದೀಪ ಇಲ್ಲ. ಬರೀ ಬಿಸಿಲು, ರಿಫ್ಲೆಕ್ಟರು. ನಿನ್ ಬಿಟ್ರೆ ನಂಗ್ ಯಾರಿದ್ದಾರೋ? ಇದಾದ್ಮೇಲೆ ನನ್ ಜೊತೇಲೇ ಇದ್ಬಿಡು," ಎಂದರು. ಫೋನು ಹಿಡಿದುಕೊಂಡು ಹೆಬ್ಬಾಳದ ಫ್ಲೈಓವರಿನ ಕೆಳಗೆ ಬೈಕು ನಿಲ್ಲಿಸಿ ಅತ್ತೆ. ಅಳುವುದಕ್ಕೆ ನನಗೆ ನಾಚಿಕೆಯಾಗಲಿಲ್ಲ.

ನಿರ್ದೇಶಕರು ಒಪ್ಪಿದರು. "ಹೋಗ್ಬಾ, ಆದ್ರೆ ಬೆಳಗು ಕೆಡಬಾರ್ದು, ಬರೋನಿಗೆ ಎಲ್ಲಾ ಹೇಳ್ಕೊಡು." ನನ್ನ ಬದಲಿಗೆ ಯಶವಂತಪುರದಿಂದ ಒಬ್ಬ ಅನುಭವಸ್ಥ ಬಂದ. ಎರಡು ದಿನ ಅವನಿಗೆ ಎಲ್ಲ ಹೇಳಿಕೊಟ್ಟೆ. ದೊಡ್ಡ ದೀಪದ ಎತ್ತರ, ಬಟರ್ ಪೇಪರು ಎಷ್ಟು ಪದರ, ಬೇಬಿ ಎಲ್ಲಿ. ಹರಿವಾಣವನ್ನು ಹೇಳಲಿಲ್ಲ. ಅದನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ತಂದು ಅಡಿಗೆಮನೆಯಲ್ಲಿಟ್ಟೆ.

ಯಾಕೆ? ಇವತ್ತಿಗೂ ಸುತ್ತಿ ಬಳಸಿ ಹೇಳಲಾರೆ. ನಾನು ಇಲ್ಲದಿದ್ದರೆ ಆ ಮನೆಗೆ ಬೆಳಗಾಗಬಾರದು ಅನ್ನುವ ಕೆಟ್ಟ ಆಸೆ. ಬಿಡಿಸಿಕೊಂಡು ಹೋಗುವುದೂ ಬೇಕು, ನಾನು ಹೋದದ್ದು ಅವರಿಗೆ ಉರಿಯುವುದೂ ಬೇಕು.

ಅಮ್ಮ ಹರಿವಾಣ ನೋಡಿ, "ಕಲಾಯಿ ಆಯ್ತಾ?" ಎಂದಳು, ತುಟಿಯಂಚಿನಲ್ಲಿ ನಗುತ್ತಾ. ಅದರ ತಳದಲ್ಲಿ, ಕಟ್ಟೆಯ ಮೇಲೆ ಜಾರದಿರಲಿ ಎಂದು ನಾನು ಅಂಟಿಸಿದ್ದ ಕಪ್ಪು ಟೇಪಿನ ಚೂರು ಹಾಗೇ ಇತ್ತು. ಅವಳು ಅದನ್ನು ಉಗುರಿನಿಂದ ಕೆರೆದು ನೋಡಿ, ಕೀಳದೆ ಬಿಟ್ಟಳು.

ಚಿತ್ರದುರ್ಗದ ಬಂಡೆಗಳ ಮೇಲೆ ನಾಲ್ಕು ದಿನ ಬಿಸಿಲು ಕುಡಿದೆ. ಮೂಗಿನ ಸಿಪ್ಪೆ ಸುಲಿಯಿತು, ಕೈಗೆ ಹಳೇ ಹಿಡಿತ ಬಂತು. ನಾಲ್ಕನೆಯ ದಿನ ಮಧ್ಯಾಹ್ನ ನಿರ್ದೇಶಕರ ಫೋನು. "ಅಡಿಗೆಮನೆ ಆಸ್ಪತ್ರೆ ಥರ ಕಾಣ್ತಿದೆ ಗುರು. ಚಾನೆಲ್‌ನವ್ರು ಕೇಳ್ತಿದ್ದಾರೆ. ಏನ್ ಮಾಡ್ತಿದ್ದೆ ನೀನು?"

ಒಂದು ತಟ್ಟೆ, ಎರಡು ಲೋಟ ನೀರು. ಅಷ್ಟು ಹೇಳಿದ್ದರೆ ಮುಗಿದಿತ್ತು. ಯಾವ ಹೋಟೆಲಿನ ತಟ್ಟೆಯಾದರೂ ನಡೆಯುತ್ತಿತ್ತು. ನಾನು ಹೇಳಿದ್ದು: "ಅದು ಫೋನಲ್ಲಿ ಹೇಳೋಕಾಗಲ್ಲ ಸಾರ್. ನಾನೇ ಬರ್ಬೇಕು." ಹೇಳುವಾಗ ಎದೆ ಉಬ್ಬಿತ್ತು. ಕ್ಯಾಮೆರಾಮನ್ ಟೋಪಿ ತೆಗೆದು ನನ್ನನ್ನು ನೋಡಿದರು. "ಹೋಗು," ಎಂದರು. ವಾಪಸು ಬಾ ಎನ್ನಲಿಲ್ಲ. ಆಮೇಲೆ ಫೋನೂ ಮಾಡಲಿಲ್ಲ.

ಮರುದಿನ ಹರಿವಾಣ ಮತ್ತೆ ಬ್ಯಾಗು ಸೇರಿತು. ಅಮ್ಮ ಜಗುಲಿಯಲ್ಲಿ ಕೂತು ನೋಡಿದಳು, ಈ ಸಲ ಏನನ್ನೂ ಕೇಳಲಿಲ್ಲ. ಸೆಟ್ಟಿನಲ್ಲಿ ಎಲ್ಲರೂ ಸುತ್ತುವರಿದು, "ನೀನಿಲ್ದೆ ಆಗಲ್ಲ ಗುರು," ಎಂದರು. ಆ ಮಾತು ಎರಡು ದಿನ ಸಿಹಿಯಾಗಿತ್ತು. ಆಮೇಲಿನ ನಾಲ್ಕು ವರ್ಷ ನನ್ನ ಕತ್ತು ಹಿಡಿದಿದ್ದು ಅದೇ ಮಾತು. ತಂಗಿಯ ಮನೆಯ ಗೃಹಪ್ರವೇಶಕ್ಕೆ ರಜೆ ಇಲ್ಲ, ಮಗಳ ಸ್ಕೂಲಿನ ಡ್ಯಾನ್ಸಿಗೆ ರಜೆ ಇಲ್ಲ, ಜ್ವರ ಬಂದರೆ ಮಾತ್ರೆ ನುಂಗಿ ಏಣಿ ಹತ್ತು. ನಿಜ ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದೆ. ಆದರೆ ಇಷ್ಟು ದಿನ ಒಂದು ತಟ್ಟೆಯನ್ನು ಬಚ್ಚಿಟ್ಟುಕೊಂಡು ಕೂತಿದ್ದೆ ಎಂದು ಯಾವ ಮುಖ ಹೊತ್ತು ಹೇಳಲಿ? ಆ ಮನೆಯಲ್ಲಿ ನನ್ನನ್ನು ಯಾರೂ ಕೂಡಿಹಾಕಿರಲಿಲ್ಲ. ಕೀಲಿ ನನ್ನ ಪೆಟ್ಟಿಗೆಯಲ್ಲೇ ಇತ್ತು. ಅದು ಗೊತ್ತಿದ್ದೇ ನನಗೆ ಹೆಚ್ಚು ಸಂಕಟವಾಗುತ್ತಿತ್ತು.

ಎಲ್‌ಇಡಿ ಬಂದು ನನ್ನನ್ನು ಹೊರಗೆ ಹಾಕಿತು. ಎರಡು ಸಾವಿರದ ಹದಿನೆಂಟರ ಕೊನೆಗೆ ನಿರ್ದೇಶಕರು ಕರೆದು, ಹಳೇ ದೀಪಗಳನ್ನೆಲ್ಲ ತೆಗೆದು ತೆಳ್ಳನೆಯ ಎಲ್‌ಇಡಿ ಹಲಗೆಗಳನ್ನು ತರಿಸುತ್ತಿದ್ದೇವೆ, ಅದನ್ನು ನೋಡಿಕೊಳ್ಳಲು ಬೇರೆ ತಂಡ ಬರುತ್ತದೆ ಎಂದರು. ಮುಂದೇನು ಎಂದು ಭಯವಾಯಿತು, ಮರುಕ್ಷಣ ಉಸಿರು ಸಲೀಸಾಯಿತು. ಆ ದಿನ ಸಂಜೆಯೇ ಕ್ಯಾಮೆರಾಮನ್‌ಗೆ ಫೋನು ಮಾಡಿ, ಹರಿವಾಣದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದೆ. ಅವರು, "ಒಂದ್ ತಟ್ಟೆಗೋಸ್ಕರ ನಾಲ್ಕ್ ವರ್ಷನೇನೋ, ಮುಠ್ಠಾಳ?" ಎಂದರು. ಆಮೇಲೆ, "ಮುಂದಿನ ತಿಂಗ್ಳು ಬಳ್ಳಾರಿ ಕಡೆ ಹೋಗ್ತಿದೀನಿ. ಬರ್ತೀಯಾ?" ಎಂದರು.

ಹೊಸ ತಂಡದ ಮುಖ್ಯಸ್ಥನಿಗೆ ಈ ಸಲ ಎಲ್ಲವನ್ನೂ ತೋರಿಸಿದೆ. ಹರಿವಾಣ ತೆಗೆದು ಇಟ್ಟೆ, ನೀರು ಹಾಕಿದೆ, ಕಟ್ಟೆಯ ಅಡಿ ಅವನ ಬೆರಳು ಹಿಡಿದು ಗುರುತು ಮುಟ್ಟಿಸಿದೆ. ಎಂಟು ವರ್ಷದ ಗುಟ್ಟು ಅದು. ಅವನು ಮರ್ಯಾದೆಯಿಂದಲೇ ಕೇಳಿಸಿಕೊಂಡ. "ಚೆನ್ನಾಗಿದೆ ಅಣ್ಣಾ. ಆದ್ರೆ ಇಷ್ಟೆಲ್ಲಾ ಯಾಕೆ? ಇಲ್ನೋಡಿ," ಎಂದು ಒಂದು ಹಲಗೆಯ ಗುಂಡಿ ತಿರುಗಿಸಿದ. ಗೋಡೆ ಹಳದಿಯಾಯಿತು. ಬೆಳಕು ನಡುಗಲಿಲ್ಲ, ಮೊಳೆಯ ಹತ್ತಿರ ನಿಲ್ಲಲಿಲ್ಲ, ಗೋಡೆಗೆಲ್ಲಾ ಒಂದೇ ಸಮ. ನಾನು ಮಾನಿಟರಿನ ಕಡೆ ನೋಡಿದೆ. ನಿರ್ದೇಶಕರು ಫೋನಿನಿಂದ ತಲೆಯೆತ್ತಿ, "ಬೆಳಗು ಓಕೆ, ಟೇಕ್ ಹೋಗೋಣ," ಎಂದರು.

ಅಷ್ಟೆ. ಅತ್ತೆ ಪಾತ್ರದವರಿಗೂ ಗೊತ್ತಾಗಲಿಲ್ಲ, ಸೊಸೆಗೂ ಗೊತ್ತಾಗಲಿಲ್ಲ. ಕೊನೆಯ ದಿನ ಪೆಟ್ಟಿಗೆ ತೆಗೆದುಕೊಳ್ಳಲು ಹೋದಾಗ, ಹರಿವಾಣ ಮೂಲೆಯ ಮೇಜಿನ ಮೇಲಿತ್ತು. ಅದರ ತುಂಬ ಬಟ್ಟೆ ಕಚ್ಚಿಸುವ ಕ್ಲಿಪ್ಪುಗಳನ್ನು ಹಾಕಿಟ್ಟಿದ್ದರು. ಕ್ಲಿಪ್ಪು ಸುರಿದು ತೆಗೆದುಕೊಂಡು ಹೋಗಬಹುದಿತ್ತು. ಸಿಟ್ಟು ಬಂದಿತ್ತು, ಆ ಹಾಳು ತಟ್ಟೆಯ ಸಹವಾಸವೇ ಸಾಕು ಎಂದು ಬಿಟ್ಟು ಬಂದೆ.

ಬಳ್ಳಾರಿಯ ಬಿಸಿಲಲ್ಲಿ ಒಂದು ತಿಂಗಳು ಕಳೆದು, ಕರ್ರಗಾಗಿ ಮನೆಗೆ ಬಂದೆ. ಸಂಜೆ ಏಳೂವರೆಗೆ ಅಮ್ಮ ಟಿವಿ ಹಾಕಿದಳು. ಭಾನುವಾರ ಬಿಟ್ಟರೆ ಆ ಹೊತ್ತಿನಲ್ಲಿ ನಾನು ಮನೆಯಲ್ಲಿದ್ದದ್ದು ಎಂಟು ವರ್ಷದಲ್ಲಿ ಅದೇ ಮೊದಲು. ನನ್ನದೇ ಧಾರಾವಾಹಿ, ನೋಡಲು ನನಗೆ ಮನಸ್ಸಿರಲಿಲ್ಲ. ಅಡಿಗೆಮನೆಯ ದೃಶ್ಯ ಬಂತು. ಅಮ್ಮ ಮಂಡಿ ಹಿಡಿದುಕೊಂಡು ಎದ್ದು, ಟಿವಿಯ ಹತ್ತಿರ ಹೋಗಿ, ಅತ್ತೆಯ ತಲೆಯ ಮೇಲಿನ ಗೋಡೆಯನ್ನು ಬೆರಳಿನಿಂದ ಮುಟ್ಟಿದಳು.

"ಇಲ್ಲಿ, ಮೊಳೆ ತಾವ ಬತ್ತಿತ್ತು. ಮೂರ್ ವಾರ ಆಯ್ತು, ಬರ್ನಿಲ್ಲ."

"ನಿಂಗೆ ಗೊತ್ತಿತ್ತೇನಮ್ಮಾ?" ಎಂದೆ.

"ನಮ್ಮನೆ ಬಿಸ್ಲು ನಂಗೊತ್ತಾಗಕಿಲ್ವಾ? ಕಲಾಯಿ ಅಂತೆ, ಕಲಾಯಿ!" ಎಂದು ನಕ್ಕು ಮತ್ತೆ ಕೂತಳು. "ಆ ಅಳುಮುಂಜಿ ಕಥೆ ಯಾವೋಳ್ ನೋಡ್ತಾಳೆ. ಇಲ್ಲಿ ಗೋಡೆ ಎದ್ಮ್ಯಾಲೆ ನಾನು ಅಲ್ಲೇ ನೋಡ್ಕಂತಿದ್ದೆ. ನೀರು ಅಲ್ಲಾಡ್ತಿದ್ರೆ ನೀನೂ ಅಲ್ಲೇ ಇದ್ದೀಯ ಅಂದ್ಕಂತಿದ್ದೆ."

ಎಂಟು ವರ್ಷ ಆ ಕಪ್ಪು ಬಟ್ಟೆಯ ಮನೆಯೊಳಗೆ ನಾನೊಬ್ಬನೇ ಸಿಕ್ಕಿಕೊಂಡಿದ್ದೇನೆ ಅಂದುಕೊಂಡಿದ್ದೆ. ಬಾಗಿಲು ತೆರೆದ ಕೂಡಲೇ ಹಿಂದೆ ತಿರುಗಿ ನೋಡದೆ ಓಡಿದ್ದೆ.

"ಹರಿವಾಣ ಮನೆಗೇ ತಂದಿಡ್ತೀನಿ ಬಿಡಮ್ಮ," ಎಂದೆ.

"ಇಲ್ ತಂದು ಏನ್ ಮಾಡನ? ಬಿಸ್ಲೆಲ್ಲೈತೆ?" ಅವಳ ಕಣ್ಣು ಟಿವಿಯ ಮೇಲೇ ಇತ್ತು. "ನೀನ್ ಬಿಟ್ಟಿದ್ದೇನೋ ಒಳ್ಳೇದಾಯ್ತು ಕಣ್ಲಾ, ಮಕದಾಗೆ ಕಳೆ ಬಂದೈತೆ. ಅರಿವಾಣನಾದ್ರೂ ಅಲ್ಲೇ ಬಿಟ್ಟು ಬರಬಾರ್ದಾಗಿತ್ತಾ?"

ಬಿಟ್ಟೇ ಬಂದಿದ್ದೇನೆ, ಅದರಲ್ಲೀಗ ಕ್ಲಿಪ್ಪು ತುಂಬಿದ್ದಾರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.